ನೀರಿನಡಿಯ ಡಿಜಿಟಲ್ ಛಾಯಾಗ್ರಹಣ: ಕೌಶಲ ಮತ್ತು ಸಲಕರಣೆಯಲ್ಲಿ ಮುಂದಿನ ಹೆಜ್ಜೆಗಳು

ನೀರಿನಡಿ ಚಿತ್ರ ತೆಗೆಯಲು ತೊಡಗಿ ಕೆಲಕಾಲ ಕಳೆದ ಓದುಗರು ಕೇಳುವ ಪ್ರಶ್ನೆ ಬೇರೆ ಬೇರೆ ಮಾತುಗಳಲ್ಲಿ ಬಂದರೂ ಅದರ ತಿರುಳು ಒಂದೇ: ಚಿತ್ರಗಳೆಲ್ಲ ನೀಲಿಯಾಗಿ ಅಥವಾ ಹಸಿರಾಗಿ, ಕಾಂತಿಯಿಲ್ಲದೆ ಬರುತ್ತಿವೆ; ಈಗಿರುವ ಕ್ಯಾಮೆರಾ ಬಿಟ್ಟು ಯಾವುದನ್ನು ಕೊಳ್ಳಬೇಕು? ಅದಕ್ಕೆ ಉತ್ತರ ಈ ಲೇಖನದಲ್ಲಿದೆ. ಆದರೆ ಕ್ಯಾಮೆರಾ ಬದಲಿಸುವ ಸರದಿ ಇಲ್ಲಿ ಬರುವುದು ಆರನೆಯ ಹಂತದಲ್ಲಿ. ನೀರಿನಡಿಯ ಚಿತ್ರವನ್ನು ಬಹುಮಟ್ಟಿಗೆ ಕೆಡಿಸುವುದು ಲೆನ್ಸಿಗೂ ವಸ್ತುವಿಗೂ ನಡುವೆ ಇರುವ ನೀರು. ಆ ನೀರನ್ನು ಕಡಿಮೆ ಮಾಡುವ ಅಭ್ಯಾಸಕ್ಕೂ ಸಲಕರಣೆಗೂ ನಿಮ್ಮ ಸಮಯ ಮತ್ತು ಹಣ ಮೊದಲು ಹೋಗಬೇಕು ಎಂಬುದು ನನ್ನ ಸ್ಪಷ್ಟ ಅಭಿಪ್ರಾಯ.

ನೀವು ಡೈವಿಂಗ್ ತರಬೇತಿ ಪಡೆದಿದ್ದೀರಿ, ನಿಮ್ಮ ಬಳಿ ನೀರು ತಡೆಯುವ ಸಣ್ಣ ಕ್ಯಾಮೆರಾ ಅಥವಾ ಹೌಸಿಂಗ್ ಒಳಗಿಟ್ಟ ಸಾಧಾರಣ ಕ್ಯಾಮೆರಾ ಇದೆ ಎಂದು ಭಾವಿಸಿ ಮುಂದುವರಿಯುತ್ತೇನೆ. ಹೌಸಿಂಗ್ ಎಂದರೆ ಕ್ಯಾಮೆರಾವನ್ನು ಒಳಗಿಟ್ಟು ಮುಚ್ಚುವ, ನೀರು ಮತ್ತು ಒತ್ತಡ ಎರಡನ್ನೂ ತಡೆಯುವ ಗಟ್ಟಿ ಕವಚ.

ಮೊದಲಿಗೆ: ನೀರು ಬೆಳಕನ್ನು ಏನು ಮಾಡುತ್ತದೆ

ನೀರು ಬೆಳಕಿನ ಬಣ್ಣಗಳನ್ನು ಒಂದೇ ಸಮನಾಗಿ ಹೀರುವುದಿಲ್ಲ. ತಿಳಿಯಾದ ಕಡಲಿನಲ್ಲಿ ಕೆಂಪು ಮೊದಲ 5 ಮೀಟರಿನ ಆಸುಪಾಸಿನಲ್ಲೇ ಬಹುಪಾಲು ಮಾಯವಾಗುತ್ತದೆ. ಅದರ ಹಿಂದೆ ಕಿತ್ತಳೆ, ಆಮೇಲೆ ಹಳದಿ ಹೋಗಿ, ಕೊನೆಗೆ ನೀಲಿ ಮತ್ತು ಹಸಿರು ಉಳಿಯುತ್ತವೆ. ಇದನ್ನು ಬಹಳ ಜನ ಕೇವಲ ಆಳದ ಲೆಕ್ಕವೆಂದು ತಿಳಿಯುತ್ತಾರೆ. ಬೆಳಕು ನೀರಿನಲ್ಲಿ ಸಾಗಿದ ಒಟ್ಟು ದೂರವೇ ಇಲ್ಲಿ ಲೆಕ್ಕಕ್ಕೆ ಬರುವುದು: ಮೇಲ್ಮೈಯಿಂದ ಮೀನಿನವರೆಗೆ 4 ಮೀಟರ್, ಮೀನಿನಿಂದ ನಿಮ್ಮ ಲೆನ್ಸಿನವರೆಗೆ 3 ಮೀಟರ್ ಇದ್ದರೆ, ಕ್ಯಾಮೆರಾಕ್ಕೆ ತಲುಪುವ ಬೆಳಕು 7 ಮೀಟರ್ ನೀರನ್ನು ದಾಟಿ ಬಂದಿರುತ್ತದೆ.

ಎರಡನೆಯದಾಗಿ, ನೀರಿನಲ್ಲಿ ತೇಲುವ ಮರಳಿನ ಕಣ, ಸೂಕ್ಷ್ಮಜೀವಿ, ಜೈವಿಕ ಚೂರುಗಳಿಗೆ ಬಡಿದು ಬೆಳಕು ಚದುರುತ್ತದೆ. ಚಿತ್ರದ ಗಡಸು ಅಂಚುಗಳು ಮೆತ್ತಗಾಗಿ, ಕಪ್ಪು ಬಿಳುಪಿನ ಅಂತರ ಕುಗ್ಗುವುದು ಇದರಿಂದಲೇ. ಮೂರನೆಯದು ವಕ್ರೀಭವನ. ನೀರಿನ ವಕ್ರೀಭವನ ಸೂಚ್ಯಂಕ ಸುಮಾರು 1.33 ಆದ್ದರಿಂದ, ಚಪ್ಪಟೆ ಗಾಜಿನ ಹಿಂದಿನಿಂದ ನೋಡುವ ಕಣ್ಣಿಗೂ ಲೆನ್ಸಿಗೂ 1 ಮೀಟರ್ ದೂರದ ವಸ್ತು ಸುಮಾರು 75 ಸೆಂಟಿಮೀಟರ್ ದೂರದಲ್ಲಿರುವಂತೆ, ಮೂರನೆಯ ಒಂದು ಭಾಗದಷ್ಟು ದೊಡ್ಡದಾಗಿ ಕಾಣುತ್ತದೆ. ಲೆನ್ಸ್ ಆಯ್ಕೆಯ ಹಂತಕ್ಕೆ ಬಂದಾಗ ಈ ಅಂಶ ಮತ್ತೆ ಬೇಕಾಗುತ್ತದೆ.

ಹಂತ 1: ಹಳೆಯ ಚಿತ್ರಗಳಲ್ಲಿ ದೋಷವನ್ನು ಗುರುತಿಸಿ

ಏನನ್ನಾದರೂ ಕೊಳ್ಳುವ ಮುನ್ನ, ನೀವು ಬದಿಗಿಟ್ಟ ಚಿತ್ರಗಳನ್ನು ದೊಡ್ಡ ಪರದೆಯ ಮೇಲೆ ತೆರೆದು, ಪ್ರತಿಯೊಂದೂ ಯಾವ ಕಾರಣಕ್ಕೆ ಕೆಟ್ಟಿದೆ ಎಂದು ಬರೆದುಕೊಳ್ಳಿ. ವಸ್ತು ಚಿಕ್ಕದಾಗಿ, ಸುತ್ತ ಬರೀ ನೀರು ತುಂಬಿದ್ದರೆ ನೀವು ದೂರ ನಿಂತಿದ್ದೀರಿ. ಮೀನಿನ ಬಾಲ ಅಥವಾ ಬೆನ್ನೇ ಕಾಣುತ್ತಿದ್ದರೆ, ನೀವು ಅದನ್ನು ಅಟ್ಟಿಸಿಕೊಂಡು ಹೋಗಿದ್ದೀರಿ ಅಥವಾ ಮೇಲಿನಿಂದ ಕೆಳಕ್ಕೆ ನೋಡುತ್ತಾ ತೆಗೆದಿದ್ದೀರಿ. ಚಿತ್ರದ ತುಂಬ ಬಿಳಿ ಚುಕ್ಕೆಗಳಿದ್ದರೆ ಬೆಳಕಿನ ಮೂಲ ತಪ್ಪು ಜಾಗದಲ್ಲಿದೆ, ಇಲ್ಲವೇ ಈಜಲು ನೀವು ಪಾದಗಳಿಗೆ ಧರಿಸಿದ ಫಿನ್‌ಗಳು ತಳದ ಮಣ್ಣನ್ನು ಕದಡಿವೆ. ವಸ್ತು ಸರಿಯಾಗಿದ್ದು ಮೂಲೆಗಳಷ್ಟೇ ಮಸುಕಾಗಿದ್ದರೆ ಅದು ಪೋರ್ಟ್, ಅಂದರೆ ಲೆನ್ಸಿನ ಎದುರು ಕೂರುವ ಗಾಜು, ಮತ್ತು ಲೆನ್ಸಿನೊಳಗಿನ ಕಿಂಡಿಯಾದ ಅಪರ್ಚರ್‌ಗೆ ಸಂಬಂಧಿಸಿದ ದೋಷ.

ಈ ಪಟ್ಟಿಯಲ್ಲಿ ಮೊದಲ ಎರಡು ದೋಷಗಳೇ ಹೆಚ್ಚಾಗಿದ್ದರೆ, ಹೊಸ ಕ್ಯಾಮೆರಾ ಅದೇ ತಪ್ಪುಗಳನ್ನು ಇನ್ನಷ್ಟು ಸ್ಪಷ್ಟವಾಗಿ ದಾಖಲಿಸಿಕೊಡುತ್ತದೆ, ಅಷ್ಟೆ.

ಹಂತ 2: ತೇಲುವಿಕೆಯ ಮೇಲೆ ಹಿಡಿತ ಸಾಧಿಸಿ

ಇದು ಛಾಯಾಗ್ರಹಣದ ಪಾಠವಲ್ಲ ಎಂದು ದಾಟಿ ಹೋಗುವವರೇ ಹೆಚ್ಚು. ಆದರೆ ಮೇಲಕ್ಕೂ ಹೋಗದೆ ಕೆಳಕ್ಕೂ ಇಳಿಯದೆ ಒಂದೇ ಮಟ್ಟದಲ್ಲಿ ನಿಲ್ಲುವ ಸಾಮರ್ಥ್ಯ, ಅಂದರೆ ಸಮತೂಕದ ತೇಲುವಿಕೆ, ಇಲ್ಲದವರಿಗೆ ಮುಂದಿನ ಯಾವ ಹಂತವೂ ದಕ್ಕುವುದಿಲ್ಲ. ಒಂದು ಕೈ ಹವಳವನ್ನು ಹಿಡಿದುಕೊಂಡು ಇನ್ನೊಂದು ಕೈಯಲ್ಲಿ ಚಿತ್ರ ತೆಗೆಯುವುದು ಸರ್ವಥಾ ಸಲ್ಲದು. ಹವಳ ಜೀವಂತ ಪ್ರಾಣಿಗಳ ಸಮೂಹ. ಕೈ ತಾಗಿದರೂ, ಫಿನ್ ಬಡಿದರೂ ಅದರ ಮೇಲ್ಪದರಕ್ಕೆ ಗಾಯವಾಗುತ್ತದೆ, ಒಡೆದ ಕೊಂಬೆ ಮತ್ತೆ ಬೆಳೆಯಲು ವರ್ಷಗಳೇ ಬೇಕು.

ಮೊದಲು ಕ್ಯಾಮೆರಾ ಇಲ್ಲದೆ ಅಭ್ಯಾಸ ಮಾಡಿ. ತೂಕದ ಬೆಲ್ಟಿನಲ್ಲಿ ಹೆಚ್ಚುವರಿ ಸೀಸ ಇದ್ದರೆ ತೆಗೆಯಿರಿ. ಅಗತ್ಯಕ್ಕಿಂತ ಹೆಚ್ಚು ತೂಕ ಕಟ್ಟಿಕೊಂಡವರು ಅದನ್ನು ಸರಿದೂಗಿಸಲು ಜಾಕೆಟ್ಟಿಗೆ ಗಾಳಿ ತುಂಬುತ್ತಾರೆ, ಆ ಗಾಳಿ ಆಳ ಬದಲಾದಂತೆಲ್ಲ ಹಿಗ್ಗಿ ಕುಗ್ಗಿ ಮೇಲೆ ಕೆಳಗೆ ಎಳೆಯುತ್ತದೆ. ದೇಹವನ್ನು ಅಡ್ಡಲಾಗಿ ಇಟ್ಟುಕೊಂಡು, ಮೊಣಕಾಲು ಮಡಚಿ, ಪಾದಗಳನ್ನು ಪಕ್ಕಕ್ಕೆ ಬಿಡಿಸಿ ಒತ್ತುವ ಕಪ್ಪೆ ಒದೆತವನ್ನು ಕಲಿಯಿರಿ. ಈ ಒದೆತ ನೀರನ್ನು ಹಿಂದಕ್ಕೆ ತಳ್ಳುವುದರಿಂದ ತಳದ ಮರಳು ಏಳುವುದಿಲ್ಲ. ಹಿಮ್ಮುಖವಾಗಿ ಈಜುವುದನ್ನೂ ಇದರ ಜೊತೆಗೇ ಕಲಿಯುವುದು ಒಳ್ಳೆಯದು, ಏಕೆಂದರೆ ಹವಳದ ಬಂಡೆಗೆ ಮೂಗು ಮುಟ್ಟುವಷ್ಟು ಹತ್ತಿರ ಹೋದವರು ಕೈ ಊರದೆ ಹಿಂದೆ ಸರಿಯಲು ಬೇರೆ ದಾರಿ ಇಲ್ಲ.

ಇದಾದ ಮೇಲೆ ಕ್ಯಾಮೆರಾ ಹಿಡಿದು ಅದೇ ಅಭ್ಯಾಸವನ್ನು ಈಜುಕೊಳದಲ್ಲೋ, ಆಳವಿಲ್ಲದ ಶಾಂತ ನೀರಿನಲ್ಲೋ ಮಾಡಿ. ಕೈಯಲ್ಲಿರುವ ಸಲಕರಣೆ ನೀರಿನಲ್ಲಿ ಭಾರವಾಗಿದ್ದರೆ ಮಣಿಕಟ್ಟು ದಣಿಯುತ್ತದೆ. ತೀರಾ ಹಗುರವಾಗಿದ್ದರೆ ಅದು ಮೇಲಕ್ಕೆ ಸೆಳೆಯುತ್ತದೆ. ಬೆಳಕಿನ ತೋಳುಗಳಿಗೆ, ಅಂದರೆ ದೀಪ ಅಥವಾ ಫ್ಲ್ಯಾಶನ್ನು ಹಿಡಿದಿಡುವ ಕೋಲುಗಳಿಗೆ, ತೇಲುವ ತುಂಡುಗಳನ್ನು ಜೋಡಿಸಿ, ಒಟ್ಟು ಸಲಕರಣೆ ನೀರಿನಲ್ಲಿ ಕೊಂಚವೇ ಕೆಳಕ್ಕಿಳಿಯುವಂತೆ ಹೊಂದಿಸಿಕೊಳ್ಳುವುದು ರೂಢಿ.

ಎಚ್ಚರಿಕೆ: ಕ್ಯಾಮೆರಾದ ಪರದೆಯಲ್ಲಿ ಮಗ್ನರಾದವರು ಗಾಳಿಯ ಮಾಪಕ, ಆಳ, ಜೊತೆಗಾರ ಮೂರನ್ನೂ ಮರೆಯುತ್ತಾರೆ. ಪ್ರತಿಯೊಂದು ವಸ್ತುವಿನ ಚಿತ್ರ ಮುಗಿದ ಕೂಡಲೇ, ಮುಂದಿನದನ್ನು ಹುಡುಕುವ ಮುನ್ನ, ಮಾಪಕ ನೋಡುವುದನ್ನು ನಿಯಮವಾಗಿಸಿಕೊಳ್ಳಿ. ಮನರಂಜನಾ ಡೈವಿಂಗಿನ ಮಿತಿ 40 ಮೀಟರ್ ಆದರೂ, ಚಿತ್ರ ತೆಗೆಯಲು ಅಷ್ಟು ಆಳಕ್ಕೆ ಹೋಗುವುದರಲ್ಲಿ ಲಾಭ ಕಡಿಮೆ: ಅಲ್ಲಿ ಬೆಳಕು ಸಾಲದು, ಸಮಯ ಸಾಲದು, 30 ಮೀಟರ್ ದಾಟುವ ಹೊತ್ತಿಗೆ ಒತ್ತಡದಲ್ಲಿ ಉಸಿರಾಡಿದ ನೈಟ್ರೋಜನ್ ಬುದ್ಧಿಯನ್ನು ಮಂಕಾಗಿಸುವ ಸಂಭವವೂ ಇರುತ್ತದೆ. ನೀವು ಕಲಿಯಬೇಕಾದ ಬಹುತೇಕ ಎಲ್ಲವೂ 5ರಿಂದ 15 ಮೀಟರಿನ ನಡುವೆಯೇ ಇದೆ.

ಹಂತ 3: ಹತ್ತಿರ ಹೋಗಿ, ಕೆಳಗಿನಿಂದ ನೋಡಿ

ವಸ್ತುವಿಗೂ ಲೆನ್ಸಿಗೂ ನಡುವೆ 1 ಮೀಟರಿಗಿಂತ ಹೆಚ್ಚು ನೀರು ಇರದಂತೆ ನೋಡಿಕೊಳ್ಳಿ. ಸಣ್ಣ ಜೀವಿಗಳಿಗೆ ಇದು ಒಂದು ಗೇಣಾಗಬೇಕು. ನೀರು ತಿಳಿಯಾಗಿ ಕಂಡಾಗ ಈ ಮಾತನ್ನು ಮರೆಯುವುದು ಸುಲಭ, ಏಕೆಂದರೆ ನಮ್ಮ ಮಿದುಳು ಮಸುಕನ್ನೂ ಬಣ್ಣವನ್ನೂ ತಾನೇ ತಿದ್ದಿಕೊಂಡು ನೋಡುತ್ತದೆ. ಕ್ಯಾಮೆರಾದಲ್ಲಿ ಬೆಳಕನ್ನು ದಾಖಲಿಸುವ ಸೆನ್ಸರ್ ತಿದ್ದುವುದಿಲ್ಲ.

ಹತ್ತಿರ ಹೋಗುವುದೆಂದರೆ ನುಗ್ಗುವುದಲ್ಲ. ಮೀನು ಸಾಗುವ ದಾರಿಯನ್ನು ಗಮನಿಸಿ, ಅದರ ಮುಂದೆ ಓರೆಯಾಗಿ ಹೋಗಿ ನಿಂತು, ಉಸಿರಾಟವನ್ನು ನಿಧಾನಗೊಳಿಸಿ ಕಾಯಿರಿ. ಅನೇಕ ಮೀನುಗಳು ಒಂದೇ ವಲಯದಲ್ಲಿ ಸುತ್ತುತ್ತಿರುತ್ತವೆ, ಕೆಲವು ನಿಮಿಷಗಳಲ್ಲಿ ಮತ್ತೆ ಅದೇ ಜಾಗಕ್ಕೆ ಬರುತ್ತವೆ. ಉಸಿರು ಬಿಗಿಹಿಡಿದು ಕಾಯುವ ಅಭ್ಯಾಸ ಮಾತ್ರ ಬೇಡ. ಸ್ಕೂಬಾದಲ್ಲಿ ಉಸಿರು ಹಿಡಿದು ಮೇಲೇರಿದರೆ ಶ್ವಾಸಕೋಶಕ್ಕೆ ಅಪಾಯ.

ಕೋನದ ವಿಷಯ ಸರಳ. ವಸ್ತುವಿನ ಕಣ್ಣಿನ ಮಟ್ಟಕ್ಕೆ ಅಥವಾ ಅದಕ್ಕಿಂತ ಕೆಳಗೆ ಇಳಿದು, ಕ್ಯಾಮೆರಾವನ್ನು ಸ್ವಲ್ಪ ಮೇಲ್ಮುಖವಾಗಿ ಹಿಡಿಯಿರಿ. ಆಗ ಹಿನ್ನೆಲೆಯಲ್ಲಿ ಕಲ್ಲು ಮಣ್ಣಿನ ಗೊಂದಲದ ಬದಲು ತಿಳಿನೀಲಿ ನೀರು ಬರುತ್ತದೆ, ವಸ್ತು ಅದರಿಂದ ಬೇರ್ಪಟ್ಟು ಎದ್ದು ಕಾಣುತ್ತದೆ. ಇನ್ನೂ ನೇರವಾಗಿ ಮೇಲಕ್ಕೆ ನೋಡಿದರೆ, ಹೊರಗಿನ ಆಕಾಶವಿಡೀ ಸುಮಾರು 97 ಡಿಗ್ರಿಯ ಒಂದು ವೃತ್ತಾಕಾರದ ಕಿಂಡಿಯೊಳಗೆ ಮಡಚಿಕೊಂಡಿರುವುದು ಕಾಣುತ್ತದೆ. ಸ್ನೆಲ್ ಕಿಂಡಿ ಎಂದು ಕರೆಯಲಾಗುವ ಇದನ್ನು ಹಿನ್ನೆಲೆಯಾಗಿ ಬಳಸಿ ತೆಗೆದ ಆಮೆಯ ನೆರಳುಚಿತ್ರಕ್ಕೆ ಯಾವ ಕೃತಕ ಬೆಳಕೂ ಬೇಡ.

ಹಂತ 4: ಸ್ವಯಂಚಾಲಿತ ವಿಧಾನವನ್ನು ಬಿಟ್ಟು ಹೊರಬನ್ನಿ

ಕ್ಯಾಮೆರಾ ಅನುಮತಿಸಿದರೆ, ಇಂದಿನಿಂದಲೇ ರಾ ಕಡತದಲ್ಲಿ ಚಿತ್ರ ಉಳಿಸಿ. ರಾ ಎಂದರೆ ಸೆನ್ಸರ್ ಕೊಟ್ಟ ಮಾಹಿತಿಯನ್ನು ಕ್ಯಾಮೆರಾ ತಾನೇ ಸಂಸ್ಕರಿಸಿ ಕುಗ್ಗಿಸದೆ ಇಡುವ ಕಡತ. ಜೇಪೆಗ್‌ನಲ್ಲಿ ಬಣ್ಣದ ತೀರ್ಮಾನ ಆಗಿಹೋಗಿರುತ್ತದೆ, ರಾದಲ್ಲಿ ಅದು ನಿಮ್ಮ ಕೈಯಲ್ಲಿ ಉಳಿಯುತ್ತದೆ. ನೀರಿನಡಿ ಈ ವ್ಯತ್ಯಾಸ ನೆಲದ ಮೇಲಿನದಕ್ಕಿಂತ ಎಷ್ಟೋ ಪಾಲು ಹೆಚ್ಚು.

ಕೃತಕ ಬೆಳಕಿಲ್ಲದೆ ತೆಗೆಯುವಾಗ ವೈಟ್ ಬ್ಯಾಲೆನ್ಸನ್ನು, ಅಂದರೆ ಯಾವುದು ಬಿಳಿ ಎಂದು ಕ್ಯಾಮೆರಾಕ್ಕೆ ತಿಳಿಸುವ ಹೊಂದಾಣಿಕೆಯನ್ನು, ಕೈಯಾರೆ ಮಾಡಿ. ಬಿಳಿ ಅಥವಾ ಬೂದು ಬಣ್ಣದ ಹಲಗೆಯೊಂದನ್ನು ನೀವಿರುವ ಆಳದಲ್ಲೇ ಬೆಳಕಿಗೆ ಹಿಡಿದು ಅಳತೆ ತೆಗೆದುಕೊಳ್ಳಿ. ಆಳ ಮೂರು ನಾಲ್ಕು ಮೀಟರ್ ಬದಲಾದಾಗಲೆಲ್ಲ ಮತ್ತೆ ಮಾಡಿ. ನೀಲಿ ನೀರಿನಲ್ಲಿ ಕೆಂಪು ಫಿಲ್ಟರ್, ಹಸಿರು ನೀರಿನಲ್ಲಿ ಮಜೆಂಟಾ ಫಿಲ್ಟರ್ ಸಹಾಯಕ್ಕೆ ಬರುತ್ತವೆ. ಆದರೆ ನೀರಿನಲ್ಲಿ ಇಲ್ಲದ ಕೆಂಪನ್ನು ಫಿಲ್ಟರ್ ಸೃಷ್ಟಿಸುವುದಿಲ್ಲ, ಉಳಿದ ಬಣ್ಣಗಳನ್ನು ತಡೆದು ಸಮತೋಲನ ತರುತ್ತದೆ ಅಷ್ಟೆ; ಹಾಗಾಗಿ ಅದು ಒಟ್ಟು ಬೆಳಕನ್ನು ಗಣನೀಯವಾಗಿ ಕಡಿಮೆ ಮಾಡುತ್ತದೆ, ಸುಮಾರು 15 ಮೀಟರಿನಾಚೆ ಅದರ ಉಪಯೋಗ ಮುಗಿಯುತ್ತದೆ. ಸೂರ್ಯ ನಿಮ್ಮ ಬೆನ್ನ ಹಿಂದೆ ಇರುವಾಗ ಈ ವಿಧಾನ ಚೆನ್ನಾಗಿ ಕೆಲಸ ಮಾಡುತ್ತದೆ.

ಇನ್ನು ಎಲ್ಲವನ್ನೂ ಕೈಯಾರೆ ಹೊಂದಿಸುವ ಮ್ಯಾನುಯಲ್ ವಿಧಾನ. ಅಪರ್ಚರ್ ಎಂದರೆ ಲೆನ್ಸಿನೊಳಗಿನ ಕಿಂಡಿಯ ಅಗಲ, ಶಟರ್ ವೇಗ ಎಂದರೆ ಬೆಳಕು ಒಳಬರುವ ಅವಧಿ, ಐಎಸ್ಓ ಎಂದರೆ ಸೆನ್ಸರಿನ ಸಂಕೇತವನ್ನು ಎಷ್ಟು ಹಿಗ್ಗಿಸಲಾಗುತ್ತದೆ ಎಂಬ ಅಳತೆ. ವಿಶಾಲ ದೃಶ್ಯಕ್ಕೆ ಎಫ್/8, ಸೆಕೆಂಡಿನ 1/125, ಐಎಸ್ಓ 200 ಎಂಬಲ್ಲಿಂದ ಆರಂಭಿಸಿ. ಇದು ಹೊರಡುವ ಜಾಗ ಮಾತ್ರ. ಒಂದು ಚಿತ್ರ ತೆಗೆದು ಹಿಸ್ಟೋಗ್ರಾಂ ನೋಡಿ, ಅಂದರೆ ಚಿತ್ರದಲ್ಲಿ ಕತ್ತಲೆಯಿಂದ ಬೆಳಕಿನವರೆಗೆ ಯಾವುದು ಎಷ್ಟಿದೆ ಎಂದು ತೋರಿಸುವ ನಕ್ಷೆಯನ್ನು ನೋಡಿ, ಹೊಂದಿಸುತ್ತ ಹೋಗಿ. ಕ್ಯಾಮೆರಾದ ಪರದೆಯ ಹೊಳಪನ್ನು ನಂಬಬೇಡಿ. ಕತ್ತಲೆಯ ನೀರಿನಲ್ಲಿ ಪರದೆ ಬಹಳ ಪ್ರಕಾಶವಾಗಿ ಕಾಣುವುದರಿಂದ, ಸರಿಯಾಗಿದೆ ಎನಿಸಿದ ಚಿತ್ರ ಮೇಲೆ ಬಂದು ನೋಡಿದಾಗ ಕಪ್ಪಾಗಿರುತ್ತದೆ.

ಹಂತ 5: ಸ್ವಂತ ಬೆಳಕನ್ನು ಒಯ್ಯಿರಿ

ಮೊದಲ ದೊಡ್ಡ ಖರೀದಿ ಯಾವುದಾಗಬೇಕು ಎಂದು ಕೇಳಿದರೆ ನನ್ನ ಉತ್ತರ ಸ್ಟ್ರೋಬ್. ಸ್ಟ್ರೋಬ್ ಎಂದರೆ ಕ್ಯಾಮೆರಾದ ಹೊರಗೆ, ತೋಳಿನ ತುದಿಯಲ್ಲಿ ಕೂರಿಸುವ ನೀರಿನಡಿಯ ಫ್ಲ್ಯಾಶ್. ಆಳದಲ್ಲಿ ಕೆಂಪು ಬೆಳಕೇ ಇಲ್ಲದಿರುವಾಗ ಅದನ್ನು ಒಯ್ಯಬೇಕಾದವರು ನಾವೇ. ಈ ಅಗತ್ಯ ಈ ಕಲೆಯಷ್ಟೇ ಹಳೆಯದು. 1893ರಲ್ಲಿ ಫ್ರಾನ್ಸಿನ ಬನ್ಯುಲ್ಸ್ ಕರಾವಳಿಯಲ್ಲಿ ನೀರಿನಡಿ ಚಿತ್ರ ತೆಗೆದ ಜೀವವಿಜ್ಞಾನಿ ಲೂಯಿ ಬುಟಾನ್, ಮೆಗ್ನೀಸಿಯಂ ಉರಿಸಿ ಬೆಳಕು ಮಾಡುವ ಸಾಧನವನ್ನೂ ಬಳಸಿದ್ದರು.

ಎಡೆಬಿಡದೆ ಉರಿಯುವ ವಿಡಿಯೋ ದೀಪ ಸಾಲದೇ ಎಂಬ ಪ್ರಶ್ನೆ ಇಲ್ಲಿ ಸಹಜ. ದೀಪದ ಪರಿಣಾಮವನ್ನು ಕಣ್ಣಿನಲ್ಲೇ ನೋಡಬಹುದಾದ್ದರಿಂದ ಕಲಿಯುವುದು ಸುಲಭ, ವಿಡಿಯೋಗಂತೂ ಅದೇ ಬೇಕು. ಆದರೆ ಕ್ಷಣಮಾತ್ರದಲ್ಲಿ ಸ್ಟ್ರೋಬ್ ಸುರಿಯುವ ಬೆಳಕಿನ ಮುಂದೆ ದೊಡ್ಡ ದೀಪವೂ ಮಂದವೇ. ಹಗಲಿನ ನೀರಿನಲ್ಲಿ ವಿಶಾಲ ದೃಶ್ಯದ ಸ್ಥಿರಚಿತ್ರಕ್ಕೆ ಅದು ಸಾಲುವುದಿಲ್ಲ. ಸಣ್ಣ ಜೀವಿಗಳ ಚಿತ್ರಕ್ಕೆ ಸಾಕಾಗಬಹುದು.

ಸ್ಟ್ರೋಬ್ ಕೊಳ್ಳುವಾಗ ಬೆಳಕಿನ ಹರವು 100 ಡಿಗ್ರಿಯ ಆಸುಪಾಸಿನಲ್ಲಿದೆಯೇ, ಬಲವನ್ನು ಕೈಯಾರೆ ಹಂತ ಹಂತವಾಗಿ ಬದಲಿಸಬಹುದೇ, ಒಂದು ಬಾರಿ ಹೊಳೆದ ಮೇಲೆ ಮತ್ತೆ ಸಿದ್ಧವಾಗಲು ಎಷ್ಟು ಹೊತ್ತು ಹಿಡಿಯುತ್ತದೆ ಎಂಬುದನ್ನು ನೋಡಿ. ಕ್ಯಾಮೆರಾದೊಂದಿಗೆ ಜೋಡಣೆ ಎರಡು ಬಗೆ. ಫೈಬರ್ ಆಪ್ಟಿಕ್ ತಂತು ಕ್ಯಾಮೆರಾದ ಒಳಫ್ಲ್ಯಾಶಿನ ಅಥವಾ ಹೌಸಿಂಗಿನೊಳಗಿನ ಎಲ್ಇಡಿ ಪ್ರಚೋದಕದ ಬೆಳಕನ್ನು ಸ್ಟ್ರೋಬಿಗೆ ಒಯ್ಯುತ್ತದೆ. ವಿದ್ಯುತ್ ತಂತಿಯ ಜೋಡಣೆಗೆ ಹೌಸಿಂಗಿನಲ್ಲಿ ಇನ್ನೊಂದು ರಂಧ್ರ ಬೇಕು, ಅಂದರೆ ನೀರು ಒಳಬರುವ ಇನ್ನೊಂದು ದಾರಿ. ಬೇರೆ ಕಾರಣವಿಲ್ಲದಿದ್ದರೆ ಫೈಬರನ್ನೇ ಆರಿಸಿ. ನಿಮ್ಮ ಕ್ಯಾಮೆರಾದಲ್ಲಿ ಒಳಫ್ಲ್ಯಾಶ್ ಇಲ್ಲದಿದ್ದರೆ ಪ್ರಚೋದಕ ಸಿಗುತ್ತದೆಯೇ ಎಂದು ಮೊದಲೇ ಖಚಿತಪಡಿಸಿಕೊಳ್ಳಿ.

ಬಿಳಿ ಚುಕ್ಕೆಗಳ ಕಾಟವನ್ನು, ಅಂದರೆ ಬ್ಯಾಕ್‌ಸ್ಕ್ಯಾಟರನ್ನು, ಇಲ್ಲಿ ವಿವರವಾಗಿ ನೋಡಬೇಕು. ಮಂಜು ಕವಿದ ರಸ್ತೆಯಲ್ಲಿ ವಾಹನದ ಹೆಡ್‌ಲೈಟ್ ಮುಂದಿನ ಮಂಜನ್ನೇ ಬೆಳಗಿಸುವಂತೆ, ಲೆನ್ಸಿನ ಪಕ್ಕದಲ್ಲೇ ಇರುವ ಫ್ಲ್ಯಾಶ್ ನಡುವಿನ ನೀರಿನ ಕಣಗಳನ್ನು ಬೆಳಗಿಸುತ್ತದೆ. ಆದ್ದರಿಂದ ಕ್ಯಾಮೆರಾದ ಒಳಫ್ಲ್ಯಾಶನ್ನು ನೇರವಾಗಿ ಬಳಸಲೇಬೇಡಿ. ಅದು ಸ್ಟ್ರೋಬನ್ನು ಎಬ್ಬಿಸಲಷ್ಟೇ ಇರಲಿ, ಅದರ ಬೆಳಕು ಹೊರಬರದಂತೆ ಮುಚ್ಚಿರಲಿ. ವಿಶಾಲ ದೃಶ್ಯಕ್ಕೆ ಎರಡು ಸ್ಟ್ರೋಬ್‌ಗಳನ್ನು ಎಡಕ್ಕೂ ಬಲಕ್ಕೂ ತೋಳಿನುದ್ದಕ್ಕೆ ಚಾಚಿ, ಲೆನ್ಸಿನ ಮುಂಭಾಗಕ್ಕಿಂತ ಸ್ವಲ್ಪ ಹಿಂದೆ ಇರಿಸಿ, ಮುಖವನ್ನು ನೇರವಾಗಿ ಅಥವಾ ತುಸು ಹೊರಕ್ಕೆ ತಿರುಗಿಸಿ. ಬೆಳಕಿನ ಶಂಕುವಿನ ನಡುಭಾಗವಲ್ಲ, ಅದರ ಒಳ ಅಂಚು ವಸ್ತುವನ್ನು ಸವರಬೇಕು. ಆಗ ಲೆನ್ಸಿನ ಎದುರಿನ ನೀರು ಕತ್ತಲಲ್ಲೇ ಉಳಿಯುತ್ತದೆ. ಹೊಸಬರು ಮಾಡುವುದು ಇದಕ್ಕೆ ತದ್ವಿರುದ್ಧ: ಎರಡೂ ಸ್ಟ್ರೋಬ್‌ಗಳನ್ನು ವಸ್ತುವಿನತ್ತ ಒಳಮುಖವಾಗಿ ತಿರುಗಿಸಿ, ನಡುವಿನ ನೀರನ್ನೆಲ್ಲ ಬೆಳಗಿಸಿಬಿಡುತ್ತಾರೆ. ಸಣ್ಣ ಜೀವಿಗಳಿಗಾದರೆ ತೋಳುಗಳನ್ನು ಮಡಚಿ ಸ್ಟ್ರೋಬನ್ನು ಲೆನ್ಸಿನ ಎರಡೂ ಬದಿಗೆ ಹತ್ತಿರ ತಂದುಕೊಳ್ಳಿ. ಅಲ್ಲಿ ನಡುವಿನ ನೀರೇ ಕಡಿಮೆಯಾದ್ದರಿಂದ ಚುಕ್ಕೆಗಳ ಭಯವೂ ಕಡಿಮೆ.

ಮುಂದಿನ ಮಾತನ್ನು ನಿಧಾನವಾಗಿ ಓದಿಕೊಳ್ಳಿ. ಸ್ಟ್ರೋಬ್ ಬಳಸಿದ ಚಿತ್ರದಲ್ಲಿ ಎರಡು ಬೇರೆ ಬೇರೆ ಬೆಳಕುಗಳಿವೆ: ಮುಂದಿನ ವಸ್ತುವಿನ ಮೇಲೆ ಸ್ಟ್ರೋಬಿನದು, ಹಿಂದಿನ ನೀರಿನಲ್ಲಿ ಸೂರ್ಯನದು. ಸ್ಟ್ರೋಬ್ ಹೊಳೆಯುವ ಅವಧಿ ಶಟರ್ ತೆರೆದಿರುವ ಅವಧಿಗಿಂತ ಬಹಳ ಚಿಕ್ಕದಾದ್ದರಿಂದ, ಶಟರ್ ವೇಗ ಬದಲಿಸಿದರೆ ವಸ್ತುವಿನ ಮೇಲಿನ ಸ್ಟ್ರೋಬ್ ಬೆಳಕು ಬದಲಾಗುವುದಿಲ್ಲ, ಹಿನ್ನೆಲೆಯ ನೀಲಿ ಮಾತ್ರ ಗಾಢವೋ ತಿಳಿಯೋ ಆಗುತ್ತದೆ. ಅಪರ್ಚರ್ ಬದಲಿಸಿದರೆ ಎರಡೂ ಬದಲಾಗುತ್ತವೆ. ಹಾಗಾಗಿ ಕೆಲಸದ ಕ್ರಮ ಹೀಗಿರಲಿ: ಮೊದಲು ಅಪರ್ಚರ್ ಆರಿಸಿ, ಸ್ಟ್ರೋಬನ್ನು ಹಚ್ಚದೆ ಶಟರ್ ವೇಗದಿಂದ ನೀರಿನ ಬಣ್ಣವನ್ನು ಹೊಂದಿಸಿಕೊಳ್ಳಿ, ಆಮೇಲೆ ಸ್ಟ್ರೋಬ್ ಹಚ್ಚಿ ಅದರ ಬಲವನ್ನು ಏರಿಸಿ ಇಳಿಸಿ ವಸ್ತುವನ್ನು ಬೆಳಗಿಸಿ. ಶಟರ್ ವೇಗಕ್ಕೆ ಮೇಲ್ಮಿತಿ ಇದೆ. ಲೆನ್ಸ್ ಬದಲಿಸುವ ಬಹುತೇಕ ಕ್ಯಾಮೆರಾಗಳಲ್ಲಿ ಫ್ಲ್ಯಾಶಿನೊಂದಿಗೆ ಹೊಂದುವ ಗರಿಷ್ಠ ವೇಗ 1/160ರಿಂದ 1/250ರ ನಡುವೆ ಇರುತ್ತದೆ, ಅದನ್ನು ಮೀರಿದರೆ ಚಿತ್ರದ ಒಂದು ಪಟ್ಟಿ ಕಪ್ಪಾಗುತ್ತದೆ.

ಲೆನ್ಸಿನ ಮೂಲಕ ಬಂದ ಬೆಳಕನ್ನು ಅಳೆದು ಸ್ಟ್ರೋಬಿನ ಬಲವನ್ನು ಕ್ಯಾಮೆರಾವೇ ನಿರ್ಧರಿಸುವ ಟಿಟಿಎಲ್ ವ್ಯವಸ್ಥೆ ಸಣ್ಣ ಜೀವಿಗಳ ಚಿತ್ರಕ್ಕೆ ಅನುಕೂಲಕರ. ಚೌಕಟ್ಟಿನಲ್ಲಿ ನೀಲಿ ನೀರು ಹೆಚ್ಚಾಗಿರುವಾಗ ಅದು ಎಡವುತ್ತದೆ. ಅಲ್ಲಿ ಮ್ಯಾನುಯಲ್ ವಿಧಾನವೇ ಲೇಸು. ಸ್ಟ್ರೋಬಿನ ಬೆಳಕೂ ನೀರಿನಲ್ಲಿ ಹೋಗಿ ಮರಳಬೇಕಾದ್ದರಿಂದ, ಒಂದೂವರೆ ಮೀಟರಿನಾಚೆಯ ವಸ್ತುವಿಗೆ ಅದರಿಂದ ಬಣ್ಣ ಬರುತ್ತದೆಂದು ನಿರೀಕ್ಷಿಸಬೇಡಿ. ಒಂದೇ ಜೀವಿಯ ಮೇಲೆ ಮತ್ತೆ ಮತ್ತೆ ಬೆಳಕು ಸುರಿಯುವುದೂ ಸಲ್ಲದು. ಅದು ಮುಖ ತಿರುಗಿಸಿದರೆ, ಬಿಲದೊಳಗೆ ಸರಿದರೆ, ಅಲ್ಲಿಗೆ ನಿಲ್ಲಿಸಿ. ಚಿತ್ರಕ್ಕಾಗಿ ಅದನ್ನು ಕಡ್ಡಿಯಿಂದ ಸರಿಸುವುದಂತೂ ಕೂಡದೇ ಕೂಡದು.

ಹಂತ 6: ಲೆನ್ಸ್, ಪೋರ್ಟ್, ಕೊನೆಗೆ ಕ್ಯಾಮೆರಾ

ಈಗಿರುವ ಕ್ಯಾಮೆರಾವನ್ನು ಉಳಿಸಿಕೊಂಡೇ ಲೆನ್ಸ್ ಸುಧಾರಿಸಲು ಸಾಧ್ಯವೇ ಎಂದು ಮೊದಲು ನೋಡಿ. ವೆಟ್ ಲೆನ್ಸ್ ಎಂಬುದು ಹೌಸಿಂಗಿನ ಹೊರಗೆ, ನೀರಿನೊಳಗೇ ಜೋಡಿಸುವ, ಬಿಚ್ಚುವ ಹೆಚ್ಚುವರಿ ಲೆನ್ಸ್. 67 ಮಿಲಿಮೀಟರ್ ತಿರುಪಿನ ಜೋಡಣೆ ಇವುಗಳಲ್ಲಿ ಬಹಳ ಸಾಮಾನ್ಯ. ಇದರಿಂದ ಒಂದೇ ಡೈವಿನಲ್ಲಿ ಹವಳದ ಬಂಡೆಯ ವಿಶಾಲ ದೃಶ್ಯವನ್ನೂ, ಅದರ ಮೇಲೆ ಹರಿಯುವ ನ್ಯೂಡಿಬ್ರಾಂಕ್ ಎಂಬ ಚಿಪ್ಪಿಲ್ಲದ ಕಡಲ ಬಸವನಹುಳುವನ್ನೂ ತೆಗೆಯಬಹುದು. ಇದನ್ನು ನೀರಿನ ಹೊರಗೆ ತಿರುಪಿ ಹಾಕಿಕೊಂಡು ಇಳಿದರೆ ಎರಡು ಗಾಜುಗಳ ನಡುವೆ ಗಾಳಿ ಸಿಕ್ಕಿಕೊಳ್ಳುತ್ತದೆ. ನೀರಿಗಿಳಿದ ಮೇಲೆ ಒಮ್ಮೆ ಸಡಿಲಿಸಿ, ಗುಳ್ಳೆಗಳನ್ನು ಹೊರಹಾಕಿ ಮತ್ತೆ ಬಿಗಿಮಾಡಿ.

ಲೆನ್ಸ್ ಬದಲಿಸುವ ಕ್ಯಾಮೆರಾ ಇರುವವರು ಪೋರ್ಟನ್ನು, ಅಂದರೆ ಹೌಸಿಂಗಿನಲ್ಲಿ ಲೆನ್ಸಿನ ಎದುರು ಕೂರುವ ಗಾಜನ್ನು, ಅರ್ಥಮಾಡಿಕೊಳ್ಳಬೇಕು. ಚಪ್ಪಟೆ ಪೋರ್ಟ್ ವಕ್ರೀಭವನದಿಂದ ನೋಟದ ಕೋನವನ್ನು ಕಿರಿದಾಗಿಸಿ ವಸ್ತುವನ್ನು ಹಿಗ್ಗಿಸುತ್ತದೆ. ಸಣ್ಣ ವಸ್ತುವನ್ನು ಹತ್ತಿರದಿಂದ ದೊಡ್ಡದಾಗಿ ತೆಗೆಯುವ ಮ್ಯಾಕ್ರೋ ಲೆನ್ಸಿಗೆ ಇದು ಲಾಭ, ವಿಶಾಲಕೋನದ ಲೆನ್ಸಿಗೆ ನಷ್ಟ. ಡೋಮ್ ಪೋರ್ಟ್, ಅಂದರೆ ಅರ್ಧಗೋಳದ ಗಾಜು, ಆ ಕೋನವನ್ನು ಉಳಿಸಿಕೊಡುತ್ತದೆ, ಆದರೆ ತನ್ನದೇ ಷರತ್ತುಗಳೊಂದಿಗೆ. ನೀರಿನಲ್ಲಿ ಡೋಮ್ ತಾನೇ ಒಂದು ಲೆನ್ಸಿನಂತೆ ವರ್ತಿಸಿ, ಅನಂತ ದೂರದ ವಸ್ತುವಿನ ಪ್ರತಿಬಿಂಬವನ್ನೂ ತನ್ನ ಮೇಲ್ಮೈಯಿಂದ ತ್ರಿಜ್ಯದ ಸುಮಾರು ಮೂರು ಪಟ್ಟು ದೂರದಲ್ಲಿ ಮೂಡಿಸುತ್ತದೆ. 10 ಸೆಂಟಿಮೀಟರ್ ತ್ರಿಜ್ಯದ ಡೋಮ್ ಆದರೆ ಲೆನ್ಸ್ ಡೋಮಿನ ಮೇಲ್ಮೈಯಿಂದ ಸುಮಾರು 30 ಸೆಂಟಿಮೀಟರ್ ಮುಂದಕ್ಕೆ ಫೋಕಸ್ ಮಾಡಬೇಕು. ಅಷ್ಟು ಹತ್ತಿರ ಫೋಕಸ್ ಆಗದ ಲೆನ್ಸನ್ನು ಸಣ್ಣ ಡೋಮಿನ ಹಿಂದೆ ಇಟ್ಟವರಿಗೆ ಯಾವ ಚಿತ್ರವೂ ತೀಕ್ಷ್ಣವಾಗಿ ಬರುವುದಿಲ್ಲ, ದೋಷ ಎಲ್ಲಿದೆಯೆಂದು ತಿಳಿಯುವುದೂ ಇಲ್ಲ. ಈ ಪ್ರತಿಬಿಂಬ ಚಪ್ಪಟೆಯಾಗಿರದೆ ಬಾಗಿರುವುದರಿಂದ ಮೂಲೆಗಳು ಮಸುಕಾಗುತ್ತವೆ. ಅಪರ್ಚರನ್ನು ಎಫ್/11ರ ಆಸುಪಾಸಿಗೆ ಕಿರಿದಾಗಿಸಿದರೆ, ಡೋಮ್ ದೊಡ್ಡದಾದರೆ ಈ ದೋಷ ಇಳಿಯುತ್ತದೆ. ಫಿಶ್‌ಐ ಲೆನ್ಸ್‌ಗಳು ಬಹಳ ಹತ್ತಿರ ಫೋಕಸ್ ಆಗುತ್ತವೆ, ಅವುಗಳ ನೋಟವೇ ಬಾಗಿರುವುದರಿಂದ ಸಣ್ಣ ಡೋಮಿನೊಂದಿಗೂ ಹೊಂದಿಕೊಳ್ಳುತ್ತವೆ. ನೀರಿನಡಿ ಸರಳರೇಖೆಗಳು ವಿರಳವಾದ್ದರಿಂದ ಅವುಗಳ ವಕ್ರತೆ ಕಣ್ಣಿಗೆ ಬೀಳುವುದೂ ಇಲ್ಲ. ಹವಳದ ದೃಶ್ಯಗಳಿಗೆ ನಾನು ಮೊದಲು ಸೂಚಿಸುವುದು ಇವನ್ನೇ. ಡೋಮಿನ ಗೊಡವೆಯೇ ಬೇಡವೆಂದು ನೇರವಾಗಿ ನೀರಿಗೆ ತಾಗುವಂತೆ ರೂಪಿಸಿದ ಲೆನ್ಸ್‌ಗಳೂ ಇದ್ದವು. 1963ರಲ್ಲಿ ಬಂದು 2001ರವರೆಗೆ ತಯಾರಾದ ನಿಕಾನೋಸ್ ಫಿಲ್ಮ್ ಕ್ಯಾಮೆರಾಗಳ 15 ಮಿಲಿಮೀಟರ್ ಲೆನ್ಸ್ ಅಂಥದ್ದು.

ಮ್ಯಾಕ್ರೋದಲ್ಲಿ ಮುಖ್ಯವಾಗುವುದು ದೂರದ ಪ್ರಶ್ನೆ. 60 ಮಿಲಿಮೀಟರ್ ಲೆನ್ಸಿನಲ್ಲಿ ಜೀವಿಗೆ ಬಹಳ ಹತ್ತಿರ ಹೋಗಬೇಕು, ಕಲಕಿದ ನೀರಿನಲ್ಲಿ ಅದೇ ಒಳಿತು. 100 ಅಥವಾ 105 ಮಿಲಿಮೀಟರ್ ಲೆನ್ಸ್ ಅಂಜುವ ಜೀವಿಗಳಿಗೆ ಸ್ವಲ್ಪ ದೂರ ಬಿಡುತ್ತದೆ.

ಈಗ ಕ್ಯಾಮೆರಾ. ಮ್ಯಾನುಯಲ್ ಹೊಂದಾಣಿಕೆ ಇಲ್ಲದ, ರಾ ಕಡತ ಕೊಡದ, ಸ್ಟ್ರೋಬನ್ನು ಎಬ್ಬಿಸಲಾಗದ ಕ್ಯಾಮೆರಾ ಇದ್ದರೆ ಬದಲಿಸಲು ಅದು ಸಕಾರಣ. ಹೌಸಿಂಗ್ ಇಲ್ಲದೆಯೂ ನೀರಿಗಿಳಿಯುವ ಕ್ಯಾಮೆರಾಗಳಿವೆ, ಉದಾಹರಣೆಗೆ ಒಲಿಂಪಸ್ ಟಿಜಿ-6ರ ಮಿತಿ 15 ಮೀಟರ್. ಅದಕ್ಕಿಂತ ಆಳಕ್ಕೆ ಅದಕ್ಕೂ ಹೌಸಿಂಗ್ ಬೇಕು. ದೊಡ್ಡ ಕ್ಯಾಮೆರಾಕ್ಕೆ ಹೋಗುವವರು ನೆನಪಿಡಬೇಕಾದ್ದು, ಹೌಸಿಂಗ್ ಒಂದು ನಿರ್ದಿಷ್ಟ ಮಾದರಿಗೆ ಮಾತ್ರ ಹೊಂದುತ್ತದೆ, ಮತ್ತು ಅನೇಕ ಸಲ ಕ್ಯಾಮೆರಾದಷ್ಟೇ ಅಥವಾ ಅದಕ್ಕಿಂತ ದುಬಾರಿ. ಆದ್ದರಿಂದ ಮೊದಲು ಹೌಸಿಂಗ್, ಪೋರ್ಟ್, ಲೆನ್ಸ್ ಸಿಗುತ್ತವೆಯೇ ಎಂದು ನೋಡಿ, ಆಮೇಲೆ ಅದರೊಳಗೆ ಕೂರುವ ಕ್ಯಾಮೆರಾ ಆರಿಸಿ. ಪಾಲಿಕಾರ್ಬೊನೇಟ್ ಹೌಸಿಂಗ್ ಹಗುರ, ಅಗ್ಗ. ಅಲ್ಯೂಮಿನಿಯಂ ಹೌಸಿಂಗ್ ಹೆಚ್ಚು ಗಟ್ಟಿ, ಒಳಗಿನ ಶಾಖವನ್ನು ಬೇಗ ಹೊರಬಿಡುವುದರಿಂದ ಹಬೆ ಕಟ್ಟುವುದು ಕಡಿಮೆ. ಮೆಗಾಪಿಕ್ಸೆಲ್ ಸಂಖ್ಯೆ ನೋಡಿ ತೀರ್ಮಾನಿಸುವುದಕ್ಕಿಂತ, ಮಂದ ಬೆಳಕಿನಲ್ಲಿ ಫೋಕಸ್ ಎಷ್ಟು ಚುರುಕು ಎಂಬುದನ್ನು ನೋಡುವುದು ಮೇಲು.

ಹಂತ 7: ಸಂಸ್ಕರಣೆಯಲ್ಲಿ ಮಿತಿ ಅರಿಯಿರಿ

ರಾ ಕಡತದಲ್ಲಿ ಮೊದಲು ವೈಟ್ ಬ್ಯಾಲೆನ್ಸ್ ಸರಿಪಡಿಸಿ, ನಂತರ ಕಪ್ಪು ಬಿಳುಪಿನ ಅಂತರವನ್ನು ತುಸು ಹೆಚ್ಚಿಸಿ. ಬಹುತೇಕ ಚಿತ್ರಗಳಿಗೆ ಇಷ್ಟು ಸಾಕು. ಹತ್ತಾರು ಮೀಟರ್ ಆಳದಲ್ಲಿ ಸ್ಟ್ರೋಬಿಲ್ಲದೆ ತೆಗೆದ ಚಿತ್ರದಲ್ಲಿ ಕೆಂಪನ್ನು ಬಲವಂತವಾಗಿ ಏರಿಸಿದರೆ ಬರುವುದು ಬಣ್ಣವಲ್ಲ, ಕೆಂಪು ಕಾಳುಗಳ ಗದ್ದಲ. ಬಿಳಿ ಚುಕ್ಕೆಗಳನ್ನು ಒಂದೊಂದಾಗಿ ಅಳಿಸಬಹುದು, ಆದರೆ ನೂರಾರು ಚುಕ್ಕೆಗಳಿರುವ ಚಿತ್ರವನ್ನು ಬಿಟ್ಟು ಐದನೆಯ ಹಂತಕ್ಕೆ ಮರಳುವುದು ಉತ್ತಮ.

ಹಂತ 8: ನೀರು ಒಳಬರದಂತೆ, ಬಂದರೆ ಏನೆಂದು

ಹೌಸಿಂಗಿನ ಎರಡು ಭಾಗಗಳ ನಡುವೆ ಕೂರುವ ರಬ್ಬರ್ ಬಳೆಯೇ ಓ-ರಿಂಗ್. ನೀರು ಒಳನುಗ್ಗಲು ಅದರ ಮೇಲಿನ ಒಂದು ಕೂದಲು ಅಥವಾ ಮರಳಿನ ಕಣ ಸಾಕು. ಆಳ ಪ್ರತಿ 10 ಮೀಟರ್ ಹೆಚ್ಚಿದಂತೆ ಒತ್ತಡ ಒಂದು ವಾಯುಮಂಡಲದಷ್ಟು ಏರುತ್ತದೆ, ಅಂದರೆ 30 ಮೀಟರಿನಲ್ಲಿ ನೆಲದ ಮೇಲಿನ ನಾಲ್ಕು ಪಟ್ಟು. ವಿಚಿತ್ರವೆಂದರೆ ಆಳದ ಒತ್ತಡ ಓ-ರಿಂಗನ್ನು ಇನ್ನಷ್ಟು ಬಿಗಿಯಾಗಿ ಕೂರಿಸುತ್ತದೆ. ನೀರು ನುಗ್ಗುವ ಅನೇಕ ಪ್ರಸಂಗಗಳು ಮೊದಲ ಕೆಲವು ಮೀಟರುಗಳಲ್ಲೇ ನಡೆಯುತ್ತವೆ. ಆದ್ದರಿಂದ ಇಳಿದ ಕೂಡಲೇ ಗುಳ್ಳೆಗಳ ಸಾಲು ಬರುತ್ತಿದೆಯೇ ಎಂದು ನೋಡಿ.

ಓ-ರಿಂಗನ್ನು ಚೂಪಾದ ವಸ್ತುವಿನಿಂದ ಎಬ್ಬಿಸಬೇಡಿ, ಎಳೆದು ಹಿಗ್ಗಿಸಬೇಡಿ. ಬೆರಳಿನಿಂದ ಸವರಿ ಕೊಳೆ ಪರೀಕ್ಷಿಸಿ, ಅದು ಕೂರುವ ತೋಡನ್ನು ಒರೆಸಿ, ಆ ತಯಾರಕರೇ ಸೂಚಿಸಿದ ಗ್ರೀಸನ್ನು ಹೊಳಪು ಬರುವಷ್ಟು ಮಾತ್ರ ಹಚ್ಚಿ. ಗ್ರೀಸ್ ನೀರನ್ನು ತಡೆಯುವುದಿಲ್ಲ, ಓ-ರಿಂಗ್ ಸರಾಗವಾಗಿ ಕೂರಲು ನೆರವಾಗುತ್ತದೆ; ಹೆಚ್ಚಾದರೆ ಅದೇ ಧೂಳನ್ನು ಹಿಡಿಯುತ್ತದೆ. ಹೌಸಿಂಗಿನ ಒಳಗಿನ ಗಾಳಿಯನ್ನು ಸ್ವಲ್ಪ ಹೊರಸೆಳೆದು, ಒತ್ತಡ ಹಾಗೆಯೇ ಉಳಿಯುತ್ತದೆಯೇ ಎಂದು ತೋರಿಸುವ ನಿರ್ವಾತ ಪರೀಕ್ಷಕವನ್ನು ಸಾಧ್ಯವಿದ್ದರೆ ಅಳವಡಿಸಿಕೊಳ್ಳಿ. ಇಡೀ ಸಲಕರಣೆಯಲ್ಲಿ ನೆಮ್ಮದಿ ತರುವ ಖರೀದಿ ಇದೊಂದೇ. ಹೌಸಿಂಗನ್ನು ತಂಪಾದ, ಒಣ ಗಾಳಿಯ ಕೋಣೆಯಲ್ಲಿ ಮುಚ್ಚಿ, ಒಳಗೆ ತೇವ ಹೀರುವ ಸಿಲಿಕಾ ಜೆಲ್ ಪೊಟ್ಟಣ ಇಡಿ. ತೇವದ ಬಿಸಿಗಾಳಿಯಲ್ಲಿ ಮುಚ್ಚಿ ಬಿಸಿಲಿನಲ್ಲಿಟ್ಟರೆ, ತಣ್ಣನೆಯ ನೀರಿಗಿಳಿದೊಡನೆ ಗಾಜಿನ ಒಳಗೆ ಹಬೆ ಕಟ್ಟುತ್ತದೆ. ಕ್ಯಾಮೆರಾ ಹಿಡಿದು ದೋಣಿಯಿಂದ ಹಾರಬೇಡಿ. ನೀವು ಇಳಿದ ಮೇಲೆ ಯಾರಾದರೂ ಕೈಗೆ ಕೊಡಲಿ. ಡೈವ್ ಮುಗಿದ ಮೇಲೆ ಉಪ್ಪು ಒಣಗುವ ಮುನ್ನ ಸಿಹಿನೀರಿನಲ್ಲಿ ಮುಳುಗಿಸಿಟ್ಟು, ನೀರಿನೊಳಗೇ ಎಲ್ಲ ಗುಂಡಿಗಳನ್ನು ಒತ್ತಿ ಬಿಡಿ. ಅನೇಕರು ಕ್ಯಾಮೆರಾ ತೊಳೆಯುವ ಸಾಮೂಹಿಕ ತೊಟ್ಟಿಯಲ್ಲಿ ಮಾತ್ರ ಬಿಟ್ಟು ಹೋಗಬೇಡಿ, ಒಂದರ ಮೇಲೊಂದು ಬಿದ್ದು ಡೋಮಿನ ಮೇಲೆ ಗೀರು ಬೀಳುತ್ತದೆ.

ಇಷ್ಟಾದರೂ ಎಚ್ಚರಿಕೆಯ ಸದ್ದು ಬಂದರೆ ಅಥವಾ ಒಳಗೆ ನೀರು ಕಂಡರೆ, ಲೆನ್ಸ್ ಕೆಳಮುಖವಾಗಿರುವಂತೆ ಹಿಡಿಯಿರಿ. ನೀರು ಪೋರ್ಟಿನಲ್ಲಿ ಸೇರಿ ಕ್ಯಾಮೆರಾದ ಒಡಲಿನಿಂದ ಆದಷ್ಟು ದೂರ ಇರುತ್ತದೆ. ಜೊತೆಗಾರನಿಗೆ ಸನ್ನೆ ಮಾಡಿ, ಎಂದಿನ ವೇಗದಲ್ಲೇ, ಮೇಲೇರುವ ದಾರಿಯಲ್ಲಿ ಕೆಲ ನಿಮಿಷ ನಿಲ್ಲುವ ಸುರಕ್ಷತಾ ನಿಲುಗಡೆಯನ್ನು ಬಿಡದೆ ಮೇಲೆ ಬನ್ನಿ. ಕ್ಯಾಮೆರಾ ಉಳಿಸಲೆಂದು ವೇಗವಾಗಿ ಏರುವುದು ಪ್ರಾಣಕ್ಕೆ ಕುತ್ತು. ಮೇಲೆ ಬಂದ ಮೇಲೆ ಹೊರಭಾಗವನ್ನು ಒರೆಸಿ, ಮುಖದಿಂದ ದೂರ ಹಿಡಿದು ನಿಧಾನವಾಗಿ ತೆರೆಯಿರಿ, ಏಕೆಂದರೆ ಉಪ್ಪುನೀರು ತಾಗಿದ ಬ್ಯಾಟರಿಯಿಂದ ಅನಿಲ ಹೊರಟು ಒಳಗೆ ಒತ್ತಡ ಕಟ್ಟಿರಬಹುದು. ಸ್ಟ್ರೋಬಿನ ಬ್ಯಾಟರಿ ಕೋಣೆಗೂ ಇದೇ ಎಚ್ಚರ ಅನ್ವಯಿಸುತ್ತದೆ. ಕ್ಯಾಮೆರಾವನ್ನು ಹಚ್ಚಿ ಪರೀಕ್ಷಿಸುವ ಆಸೆಯನ್ನು ತಡೆದು, ಮೊದಲು ಬ್ಯಾಟರಿಯನ್ನೂ ಆಮೇಲೆ ಮೆಮೊರಿ ಕಾರ್ಡನ್ನೂ ಹೊರತೆಗೆಯಿರಿ. ಕಾರ್ಡನ್ನು ಸಿಹಿನೀರಿನಲ್ಲಿ ತೊಳೆದು ಪೂರ್ತಿ ಒಣಗಿಸಿದರೆ, ಬಹಳ ಸಲ ಅದರೊಳಗಿನ ಚಿತ್ರಗಳು ಹಾಗೆಯೇ ಸಿಗುತ್ತವೆ.